ಬೊಂಬೆರಾಯ ಕ್ಷೇಮ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೇಬಲ್ ಅಂತ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗಷ್ಟೇ ಸೀಮಿತ. ಆಳು ಉದ್ದಕ್ಕೆ, ತೆಳ್ಳಗೆ, ಯಾವಾಗ ನೋಡಿದರೂ ಕೊರಳಿಗೊಂದು ನೀಲಿ ವೈರು ಸುತ್ತಿಕೊಂಡೇ ಓಡಾಡುವವನು. ಮತ್ತೇನಂತ ಕರೆಯಬೇಕು ಹೇಳಿ? ಕ್ಯಾನ್ಸರ್ ಆಸ್ಪತ್ರೆಯ ಹದಿನಾಲ್ಕು ಸರ್ವರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಒಬ್ಬನೇ ಮಾಡುತ್ತಿದ್ದ, ಚೆನ್ನಾಗಿಯೂ ಮಾಡುತ್ತಿದ್ದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಕೇಳಿದ ಮೇಲೆ ಅವನನ್ನು ಕೆಲಸಗಳ್ಳ ಅಂದುಕೊಳ್ಳುವುದು ಬಹಳ ಸುಲಭ. ಅವನು ಕೆಲಸಗಳ್ಳನಲ್ಲ. ಆಗಿದ್ದಿದ್ದರೆ ಇಷ್ಟು ಸಂಕಟವೂ ಆಗುತ್ತಿರಲಿಲ್ಲವೋ ಏನೋ.

ಸರ್ವರುಗಳಿದ್ದದ್ದು ನೆಲಮಾಳಿಗೆಯಲ್ಲಿ, ವಿಕಿರಣ ವಿಭಾಗದ ಪಕ್ಕದ ಕೋಣೆಯಲ್ಲಿ. ಒಳಗೆ ಸದಾ ಚಳಿ, ಸದಾ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಆ ಕೋಣೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಗತಿಯೇನು ಅಂತ ಎರಡು ವರ್ಷದ ಹಿಂದೆ ಆಡಳಿತದವರಿಗೆ ಜ್ಞಾನೋದಯವಾಗಿ, ಎಲ್ಲ ಸರ್ವರುಗಳನ್ನೂ ಕ್ಲೌಡಿಗೆ ನಕಲು ಮಾಡುವ ಏರ್ಪಾಡು ಬಂತು. ಏರ್ಪಾಡು ಸರಳ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ಇಣುಕಿ ನೋಡಿ ಬರೆಯುವವನ ಹಾಗೆ, ಇಲ್ಲಿ ಡಿಸ್ಕಿನ ಮೇಲೆ ಏನು ಬಿದ್ದರೂ ಒಂದೆರಡು ಕ್ಷಣದಲ್ಲಿ ಅದೇ ದೂರದ ಊರಿನ ಯಾವುದೋ ಕಟ್ಟಡದ ಡಿಸ್ಕಿನ ಮೇಲೂ ಬೀಳುತ್ತದೆ. ಇಲ್ಲಿನದು ಸುಟ್ಟರೆ ಅಲ್ಲಿ ಒಂದು ಬಟನ್ ಒತ್ತಿದರಾಯಿತು. ಅರ್ಧ ಗಂಟೆಯಲ್ಲಿ ಆ ನಕಲುಗಳೆಲ್ಲ ಎದ್ದು ಕೂತು ಅಸಲಿನ ಕೆಲಸ ಶುರುಮಾಡುತ್ತವೆ. ಎಷ್ಟು ಭರವಸೆಯೆಂದರೆ, ಮೊದಲು ಪ್ರತಿದಿನ ತೆಗೆದಿಡುತ್ತಿದ್ದ ಬ್ಯಾಕಪ್ ಟೇಪುಗಳನ್ನೂ ನಿಲ್ಲಿಸಿಬಿಟ್ಟರು. ಕೇಬಲ್ಲನೇ ಟಿಪ್ಪಣಿ ಬರೆದು ಕಳಿಸಿದ್ದ, ಇನ್ನು ಅದರ ಅವಶ್ಯಕತೆ ಇಲ್ಲ ಅಂತ. ಅದೇ ವರ್ಷ ಕಾಗದದ ಚಿಕಿತ್ಸಾ ಕಾರ್ಡೂ ಹೋಯಿತು. ಕಾಗದವಿಲ್ಲದ ಆಸ್ಪತ್ರೆ ಅಂತ ಬಾಗಿಲಲ್ಲಿ ದೊಡ್ಡ ಫಲಕ ಬೇರೆ.

ಏರ್ಪಾಡು ಇದ್ದರೆ ಸಾಲದು, ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ತಾಲೀಮು. ಕ್ಲೌಡಿನ ನಕಲುಗಳನ್ನು ಸುಮ್ಮನೆ ಎಬ್ಬಿಸಿ, ಒಳಹೊಕ್ಕು, ಒಬ್ಬ ರೋಗಿಯ ಕಡತ ತೆರೆದು, ಎಲ್ಲ ಸರಿಯಿದೆ ಅಂತ ಸಹಿ ಹಾಕಿ ಮಲಗಿಸುವುದು. ಆದರೆ ಆಸ್ಪತ್ರೆಯ ಕಾನೂನು ವಿಭಾಗದವರು ಒಂದು ತಕರಾರು ತೆಗೆದರು: ತಾಲೀಮಿಗೆ ಅಂತ ನಿಜವಾದ ರೋಗಿಯ ಕಡತ ತೆರೆಯುವ ಹಾಗಿಲ್ಲ, ಅದು ಅವರ ಖಾಸಗಿ ವಿಷಯ. ತಕರಾರೇನೋ ನ್ಯಾಯವೇ. ಅದಕ್ಕೆ ವಿಭಾಗದವರೆಲ್ಲ ಸೇರಿ ಒಬ್ಬ ಸುಳ್ಳು ರೋಗಿಯನ್ನು ಹುಟ್ಟಿಸಿದರು. ಹೆಸರು ಬೊಂಬೆರಾಯ. ವಯಸ್ಸು ಐವತ್ತು, ಗಂಟಲಿನ ಕ್ಯಾನ್ಸರ್, ಮೂವತ್ತಮೂರು ಸಲ ವಿಕಿರಣ, ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಅವನ ಸ್ಕ್ಯಾನು, ಯಂತ್ರ ಯಾವ ಕೋನದಲ್ಲಿ ತಿರುಗಬೇಕೆಂಬ ನಕ್ಷೆ, ದಿನದಿನದ ಪ್ರಮಾಣ, ಎಲ್ಲ ಅಚ್ಚುಕಟ್ಟು. ಪ್ರತಿ ತಾಲೀಮಿನಲ್ಲೂ ಬೊಂಬೆರಾಯನ ಪುಟ ತೆರೆದುಕೊಳ್ಳುವುದು, ಎಲ್ಲರೂ ನಗುವುದು, "ಬೊಂಬೆರಾಯ ಕ್ಷೇಮ" ಅಂತ ವರದಿ ಬರೆದು ಚಹಾ ಕುಡಿಯುವುದು. ಅದೊಂದು ಪದ್ಧತಿಯೇ ಆಗಿಹೋಗಿತ್ತು.

ಈಗ ಅತ್ತಿಗೆಯ ಮಾತು. ಕೇಬಲ್ಲನಿಗೆ ಎಂಟು ವರ್ಷವಿದ್ದಾಗ ಅವರು ಅಣ್ಣನ ಹೆಂಡತಿಯಾಗಿ ಮನೆಗೆ ಬಂದರು. ಆ ಹೊತ್ತಿಗಾಗಲೇ ತಾಯಿತಂದೆ ಇಬ್ಬರೂ ಇರಲಿಲ್ಲ. ಅಣ್ಣ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸದವನು, ಹೊತ್ತು ಹುಟ್ಟುವ ಮುಂಚೆ ಹೋದರೆ ಕತ್ತಲಿಗೆ ಬರುವವನು. ತಲೆ ಬಾಚಿದ್ದು, ಮಗ್ಗಿ ಒಪ್ಪಿಸಿಕೊಂಡದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಸುಳ್ಳು ಹೇಳಿದರೆ ಬೆನ್ನಿಗೆ ಎರಡು ಬಿಟ್ಟದ್ದು, ಎಲ್ಲ ಅತ್ತಿಗೆಯೇ. ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ಆಗಲೇ ಒಂದು ಉದ್ದದ್ದು ಇದೆಯಲ್ಲ, ಸಾಕು" ಅಂತ ಅವನ ಕಡೆ ಬೆರಳು ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅವನಿಗೆ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ, ಕೈಹಿಡಿದವಳು ಎರಡು ವರ್ಷಕ್ಕೇ ಬಿಟ್ಟುಹೋದ ಮೇಲೂ, ಅವನ ಅಂಗಿಗೆ ಗುಂಡಿ ಹಚ್ಚುವವರು ಅವರೊಬ್ಬರೇ.

ಅವರ ಗಂಟಲಲ್ಲಿ ಏನೋ ಇದೆ ಅಂತ ಗೊತ್ತಾದಾಗ ಕೇಬಲ್ ಹಟ ಹಿಡಿದು ತನ್ನ ಆಸ್ಪತ್ರೆಗೇ ಕರೆತಂದ. ಅಣ್ಣನಿಗೆ ಮನೆಯ ಹತ್ತಿರದ ಇನ್ನೊಂದು ಆಸ್ಪತ್ರೆಗೆ ತೋರಿಸುವ ಮನಸ್ಸಿತ್ತು. ಬೇಡವೇ ಬೇಡ, ನಾನಿರುವಲ್ಲಿಗೇ ಬರಲಿ, ಎಲ್ಲ ನನ್ನ ಕಣ್ಣೆದುರಿಗೇ ಇರುತ್ತದೆ ಅಂದ. ವಿಕಿರಣ ವಿಭಾಗದ ದೊಡ್ಡ ಡಾಕ್ಟರಮ್ಮ ಪರೀಕ್ಷೆ ಮಾಡಿ ನೇರವಾಗಿ ಹೇಳಿದರು. ಮೂವತ್ತಮೂರು ದಿನದ ಚಿಕಿತ್ಸೆ, ವಾಸಿಯಾಗುವ ಸಾಧ್ಯತೆ ಹತ್ತಕ್ಕೆ ಆರರಷ್ಟು ಇದೆ, ಆದರೆ ಒಂದು ದಿನವೂ ತಪ್ಪಬಾರದು. ಗಂಟಲಿನ ಗಡ್ಡೆ ನಡುವೆ ಬಿಡುವು ಸಿಕ್ಕರೆ ಮೊದಲಿಗಿಂತ ಜೋರಾಗಿ ಬೆಳೆಯುತ್ತದೆ. ಅತ್ತಿಗೆ ತಪ್ಪಿಸಲಿಲ್ಲ. ದಿನಾ ಬೆಳಗ್ಗೆ ಒಂಬತ್ತೂವರೆಗೆ ಬಂದು, ಮುಖಕ್ಕೆ ಅಂಟಿಕೂರುವ ಬಲೆಯಂಥ ಮುಖವಾಡ ಹಾಕಿಸಿಕೊಂಡು, ಯಂತ್ರದ ಕೆಳಗೆ ಅಲ್ಲಾಡದೆ ಮಲಗುತ್ತಿದ್ದರು. ಹನ್ನೆರಡು ದಿನವಾದ ಮೇಲೆ ಮೈ ಇಳಿದು ಮುಖವಾಡ ಸಡಿಲವಾಯಿತು. ಹೊಸ ಸ್ಕ್ಯಾನು ಮಾಡಿ ನಕ್ಷೆ ಬದಲಿಸಿದರು. ಗಂಟಲೆಲ್ಲ ಸುಟ್ಟು ನೀರು ಇಳಿಯದಂತಾದಾಗಲೂ ಹೊರಗೆ ಬಂದು ಬೆರಳೆಣಿಸಿ ತೋರಿಸುವವರು, ಇನ್ನು ಇಷ್ಟೇ ಅಂತ. ಹತ್ತೊಂಬತ್ತಾಗಿತ್ತು. ಹದಿನಾಲ್ಕು ಉಳಿದಿತ್ತು.

ಇಪ್ಪತ್ತನೆಯ ದಿನ ಬೆಳಗ್ಗೆ ಎಂಟು ಗಂಟೆಗೆ ಸರ್ವರ್ ಕೋಣೆಯ ಬ್ಯಾಟರಿಗಳಿಗೆ ಬೆಂಕಿ ಹತ್ತಿತು.

ಅಂಥ ಬೆಂಕಿಯನ್ನು ಆರಿಸುವುದು ನೀರು ಕುಡಿದಷ್ಟು ಸುಲಭವಲ್ಲ. ಹೊಗೆ ಇಡೀ ನೆಲಮಾಳಿಗೆ ತುಂಬಿತು, ಜನರನ್ನು ಹೊರಗೆ ಸಾಗಿಸಿದರು, ಅಗ್ನಿಶಾಮಕದವರು ಬಂದು ಎರಡು ಗಂಟೆ ಒದ್ದಾಡಿದರು. ಯಾರಿಗೂ ಏನೂ ಆಗಲಿಲ್ಲ. ವಿಕಿರಣದ ಎರಡೂ ಯಂತ್ರಗಳು ದಪ್ಪ ಗೋಡೆಯಾಚೆ ಇದ್ದದ್ದರಿಂದ ಉಳಿದವು. ಸರ್ವರುಗಳು ಮಾತ್ರ ಹದಿನಾಲ್ಕಕ್ಕೆ ಹದಿನಾಲ್ಕೂ ಕರಕಲು. ಎದುರಿನ ಪಾರ್ಕಿಂಗ್ ಜಾಗದಲ್ಲಿ, ಆಡಳಿತದವರೆಲ್ಲ ತಲೆ ಮೇಲೆ ಕೈಹೊತ್ತು ನಿಂತಿದ್ದಾಗ, ಕೇಬಲ್ ಮಾತ್ರ ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಟ್ಟುಕೊಂಡು ಸಮಾಧಾನವಾಗಿದ್ದ. ಇದಕ್ಕೇ ಅಲ್ಲವೇ ಅವನು ಎರಡು ವರ್ಷ ಬೆವರು ಸುರಿಸಿದ್ದು? ಬಟನ್ ಒತ್ತಿದ. ಒಂದೊಂದಾಗಿ ಹಸಿರು ದೀಪ ಹತ್ತಿದವು. ಇಪ್ಪತ್ತೇಳು ನಿಮಿಷಕ್ಕೆ ಹದಿನಾಲ್ಕೂ ಎದ್ದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸೂಪರಿಂಟೆಂಡೆಂಟರು ಬೆನ್ನು ತಟ್ಟಿ, ನೀನಿಲ್ಲದಿದ್ದರೆ ಇವತ್ತು ನಮ್ಮ ಗತಿ ಅಧೋಗತಿ ಅಂದರು. ಅವನು ಅಭ್ಯಾಸಬಲದಿಂದ ಬೊಂಬೆರಾಯನ ಪುಟ ತೆರೆದ. ಮೂವತ್ತಮೂರು ದಿನದ ಲೆಕ್ಕವೂ ಅಲ್ಲಿತ್ತು. ಯಾರೋ ನಕ್ಕರು.

ಆಮೇಲೆ ಇಂದಿನ ಪಟ್ಟಿ ತೆರೆದ. ಅದು ಖಾಲಿ ಇತ್ತು.

ಮೊದಲು ತನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡ. ಅತ್ತಿಗೆಯ ನಂಬರು ಹಾಕಿ ಹುಡುಕಿದ. ಅಂಥ ರೋಗಿ ಇಲ್ಲ ಅಂತ ಬಂತು. ನಿನ್ನೆ ಯಂತ್ರದ ಕೆಳಗೆ ಮಲಗಿದ್ದ ಇನ್ನೊಬ್ಬರದು, ಮತ್ತೊಬ್ಬರದು, ಯಾರದೂ ಇಲ್ಲ. ಹದಿನೈದು ತಿಂಗಳ ಹಿಂದೆ ಚಿಕಿತ್ಸೆ ಮುಗಿಸಿ ಹೋದವರದು ಇದೆ, ಆ ಮೇಲೆ ಬಂದವರದು ಒಂದೂ ಇಲ್ಲ. ಆಗ ಅವನಿಗೆ ಹೊಳೆಯಿತು.

ಹದಿನೈದು ತಿಂಗಳ ಹಿಂದೆ ಚಿಕಿತ್ಸೆಯ ಸರ್ವರಿನ ಡಿಸ್ಕು ತುಂಬಿಹೋಗಿತ್ತು. ಅವನೇ ಹೊಸ ಡಿಸ್ಕು ಹಾಕಿದ, ಇನ್ನು ಬರುವ ರೋಗಿಗಳ ದಾಖಲೆಯೆಲ್ಲ ಇದರ ಮೇಲೆ ಬೀಳಲಿ ಅಂತ ಅವನೇ ಹೇಳಿಕೊಟ್ಟ. ಉಳಿದದ್ದು ಒಂದೇ ಕೆಲಸ. ನಕಲು ಮಾಡುವ ತಂತ್ರಾಂಶದಲ್ಲಿ ಹೊಸ ಡಿಸ್ಕಿನ ಎದುರಿಗೆ ಒಂದು ಟಿಕ್ ಹಾಕಬೇಕು, ಇಲ್ಲದಿದ್ದರೆ ಅದು ಹಳೆಯ ಡಿಸ್ಕನ್ನಷ್ಟೇ ನಕಲು ಮಾಡುತ್ತ ಕೂರುತ್ತದೆ. ಆದರೆ ಟಿಕ್ ಹಾಕಿದ ಕೂಡಲೇ ಮೊದಲ ಸಲ ಇಡೀ ಡಿಸ್ಕು ಕ್ಲೌಡಿಗೆ ಹರಿಯಲು ಶುರುವಾಗಿ ಲೈನೆಲ್ಲ ಕಟ್ಟಿಕೊಳ್ಳುತ್ತದೆ, ಸ್ಕ್ಯಾನಿನ ಚಿತ್ರಗಳು ಡಾಕ್ಟರುಗಳ ಪರದೆಗೆ ಬರುವುದು ನಿಧಾನವಾಗುತ್ತದೆ, ಅವರು ಬೈಯುತ್ತಾರೆ. ಭಾನುವಾರ ಯಾರೂ ಇರುವುದಿಲ್ಲ, ಆವತ್ತು ಹಾಕೋಣ ಅಂದುಕೊಂಡ. ಭಾನುವಾರ ಬಂತು, ಹೋಯಿತು. ಅಷ್ಟೇ ನೋಡಿ. ಆಮೇಲೆ ಐದು ತಾಲೀಮು ನಡೆದವು. ಬೊಂಬೆರಾಯ ಹುಟ್ಟಿದ್ದು ಹಳೆಯ ಡಿಸ್ಕಿನ ಮೇಲೆ, ಅವನು ಐದಕ್ಕೆ ಐದು ಸಲವೂ ಕ್ಷೇಮವಾಗಿ ಎದ್ದು ಬಂದ. ಒಂದೇ ಒಂದು ಸಲ ಯಾರಾದರೂ ಕಾನೂನು ಮುರಿದು ನಿಜವಾದ ರೋಗಿಯೊಬ್ಬನ ಪುಟ ತೆರೆದಿದ್ದರೆ! ಅಯ್ಯೋ, ಒಳ್ಳೆಯ ಜನ, ಯಾರೂ ಮುರಿಯಲಿಲ್ಲ.

ಕರಕಲು ಡಿಸ್ಕನ್ನು ಹೊರತೆಗೆದು, ದತ್ತಾಂಶ ಮರಳಿ ಪಡೆಯುವ ಪರಿಣತರಿಗೆ ಕಳಿಸಿದರು. ನಾಲ್ಕು ದಿನದ ಮೇಲೆ ಅವರು ಕೈಚೆಲ್ಲಿದರು. ಆ ನಾಲ್ಕು ದಿನ ಕೇಬಲ್ ಮನೆಗೆ ಹೋಗಲಿಲ್ಲ, ಸರಿಯಾಗಿ ಒಂದು ಹೊತ್ತು ಉಣ್ಣಲಿಲ್ಲ.

ಅರವತ್ತೆಂಟು ಜನರ ಚಿಕಿತ್ಸೆ ಅರ್ಧಕ್ಕೆ ನಿಂತಿತ್ತು. ಎಷ್ಟು ಸಲ ಆಗಿದೆ ಅನ್ನುವುದು ಎಲ್ಲರಿಗೂ ಬಾಯಿಪಾಠ, ಅದು ತೊಂದರೆಯಲ್ಲ. ತೊಂದರೆ ಏನೆಂದು ವಿವರಿಸಿದ್ದು ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಭೌತಶಾಸ್ತ್ರದ ಮೇಷ್ಟ್ರು. ಒಂದು ಕಾಲಕ್ಕೆ ಕಾಲೇಜಿನಲ್ಲಿ ಪಾಠ ಹೇಳಿದವರು, ಅದಕ್ಕೇ ಎಲ್ಲರಿಗೂ ಮೇಷ್ಟ್ರು. ಯಾವ ಕೋನದಿಂದ, ಎಷ್ಟು ಅಗಲಕ್ಕೆ, ಎಲ್ಲಿ ಎಷ್ಟು ಬಿದ್ದಿದೆ ಅನ್ನುವ ನಕ್ಷೆಯೇ ಇಲ್ಲ. ಈಗಾಗಲೇ ಬೆನ್ನುಹುರಿ ಎಷ್ಟು ಕುಡಿದಿದೆ ಅಂತ ಗೊತ್ತಿಲ್ಲದೆ ಮತ್ತೆ ಕೊಟ್ಟರೆ ಕೈಕಾಲು ಬಿದ್ದುಹೋಗಬಹುದು. ಕಡಿಮೆ ಕೊಟ್ಟರೆ ಗಡ್ಡೆ ಸಾಯುವುದಿಲ್ಲ. ಪ್ರತಿಯೊಬ್ಬರಿಗೂ ಹೊಸ ಸ್ಕ್ಯಾನು ಮಾಡಿ, ಹಳೆಯದನ್ನು ಅಂದಾಜಿನಲ್ಲಿ ಕಟ್ಟಿ, ಹೊಸ ನಕ್ಷೆ ಬರೆಯಬೇಕು. ಒಬ್ಬರಿಗೆ ಒಂದು ದಿನ ಪೂರ್ತಿ ಬೇಕು. ಮೇಷ್ಟ್ರು ಇರುವುದು ಒಬ್ಬರೇ. ಬೇರೆ ಆಸ್ಪತ್ರೆಗಳು ಇಪ್ಪತ್ತು ಜನರನ್ನು ಹಂಚಿಕೊಂಡವು. ಹತ್ತು ಸಲಕ್ಕಿಂತ ಕಡಿಮೆ ವಿಕಿರಣ ಆಗಿದ್ದವರನ್ನು ಮಾತ್ರ. ಅರ್ಧ ದಾಟಿದವರ ಹೊಣೆ ಹೊರಲು ಯಾರೂ ಮುಂದೆ ಬರಲಿಲ್ಲ.

ಉಳಿದ ನಲವತ್ತೆಂಟು ಜನರಿಗೆ ದೊಡ್ಡ ಡಾಕ್ಟರಮ್ಮ ಒಂದು ಸಾಲು ಮಾಡಿದರು. ಯಾರು ವಾಸಿಯಾಗುವ ಸಾಧ್ಯತೆ ಹೆಚ್ಚೋ ಅವರು ಮೊದಲು. ಅತ್ತಿಗೆ ಇಪ್ಪತ್ತನಾಲ್ಕನೆಯವರಾದರು.

ಕೇಬಲ್ ಡಾಕ್ಟರಮ್ಮನ ಕೋಣೆಗೆ ಹೋದ. ಏನು ಮಾತಾಡಬೇಕು ಅಂತ ಮೆಟ್ಟಿಲಲ್ಲೆಲ್ಲ ಕಂಠಪಾಠ ಮಾಡಿಕೊಂಡು ಹೋಗಿದ್ದ. ಎದುರಿಗೆ ಕೂತ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಅವರು ನನ್ನನ್ನು ಸಾಕಿದವರು, ಸ್ವಲ್ಪ ಮುಂದೆ ಹಾಕಿಕೊಳ್ಳಿ ಅಂದ ಅಷ್ಟೇ. ಡಾಕ್ಟರಮ್ಮ ಕೆಟ್ಟವರಲ್ಲ. ವಾರದಿಂದ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವರು, ಪಟ್ಟಿಯನ್ನು ಅವನ ಮುಂದೆ ತಳ್ಳಿದರು.

"ಯಾರನ್ನ ಹಿಂದಕ್ಕೆ ಹಾಕ್ಲಿ? ನೀವೇ ಹೇಳಿ."

ಅವರು ಕೇಳಿದ್ದು ಅವನ ಬಾಯಿ ಮುಚ್ಚಿಸಲು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಅವನಿಗೂ ಗೊತ್ತಾಯಿತು. ಆದರೂ ಅವನು ಪಟ್ಟಿ ಎಳೆದುಕೊಂಡು ಓದಿದ. ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ, ವಯಸ್ಸು ನೋಡುತ್ತ ಓದಿದ. ಒಂಬತ್ತನೆಯ ಸಾಲಿನಲ್ಲಿ ಎಪ್ಪತ್ತೆಂಟು ವರ್ಷದ ಮುದುಕರೊಬ್ಬರಿದ್ದರು. ಅವರನ್ನು ಅವನು ಬಲ್ಲ. ದಿನಾ ಅತ್ತಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಹಾಸ್ಯದ ಮಾತಾಡಿ ನಗಿಸುತ್ತಿದ್ದವರು. ಆ ಸಾಲಿನ ಮೇಲೆ ಬೆರಳಿಟ್ಟ.

ಡಾಕ್ಟರಮ್ಮ ಬೆರಳನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು. ಪಟ್ಟಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಡ್ರಾಯರಿನೊಳಗೆ ಇಟ್ಟರು. ಬೈದಿದ್ದರೂ ಚೆನ್ನಾಗಿತ್ತು. ಹೊರಗೆ ಬಂದವನು ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು, ಆ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಎಷ್ಟೋ ಹೊತ್ತು ನಿಂತಿದ್ದ.

ವಿಚಾರಣೆಯೂ ನಡೆಯಿತು. ಬ್ಯಾಟರಿಯ ದೋಷದಿಂದ ಬೆಂಕಿ, ತಾಂತ್ರಿಕ ಕಾರಣಗಳಿಂದ ನಕಲು ಅಪೂರ್ಣ, ಅಂತ ಎರಡು ಸಾಲಿನಲ್ಲಿ ವರದಿ ಮುಗಿಯಿತು. ಅಲ್ಲಾ, ತಾಲೀಮಿನ ವರದಿಗಳಿಗೆ ಕೇಬಲ್ಲನ ಕೆಳಗೆ ಸೂಪರಿಂಟೆಂಡೆಂಟರದೂ ಸಹಿ ಇತ್ತು, ಕಾನೂನು ವಿಭಾಗದ್ದೂ ಸಹಿ ಇತ್ತು. ಕೆದಕಿದರೆ ಯಾರ ಬುಡಕ್ಕೆ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲವೇ? ಅವನು ಟಿಕ್ಕಿನ ವಿಷಯ ಬರೆದುಕೊಟ್ಟ ಹಾಳೆಯನ್ನು ಸೂಪರಿಂಟೆಂಡೆಂಟರು ಓದಿ, ಮಡಚಿ, ಇದನ್ನು ಮನೆಗೆ ತೆಗೆದುಕೊಂಡು ಹೋಗು ಅಂದರು. ಶಿಕ್ಷೆಯಾದರೂ ಸಿಕ್ಕಿದ್ದರೆ ಎದೆಯ ಭಾರ ಒಂದಿಷ್ಟು ಇಳಿಯುತ್ತಿತ್ತೇನೋ. ಅದೂ ಸಿಗಲಿಲ್ಲ.

ಅಣ್ಣನಿಗೆ ಗೊತ್ತಿದ್ದದ್ದು ಇಷ್ಟು: ಬೆಂಕಿ ಬಿತ್ತು, ಎಲ್ಲ ಸುಟ್ಟಿತು, ತಮ್ಮ ಹಗಲಿರುಳು ಒದ್ದಾಡುತ್ತಿದ್ದಾನೆ. ಡಿಪೋದಲ್ಲಿ ಕಂಡ ಕಂಡವರಿಗೆಲ್ಲ ಅದನ್ನೇ ಹೇಳುತ್ತಿದ್ದ. ದಿನಾ ಸಂಜೆ ಫೋನು ಮಾಡಿ, ಇವತ್ತು ಎಷ್ಟನೆಯವರವರೆಗೆ ಬಂತು ಅಂತ ಕೇಳುತ್ತಿದ್ದ. ಕೇಬಲ್ ಹೇಳುತ್ತಿದ್ದ, ಆರು, ಏಳು, ಮೇಷ್ಟ್ರಿಗೆ ಜ್ವರ ಬಂದು ಎರಡು ದಿನ ಏಳೇ, ಮತ್ತೆ ಎಂಟು. ಮುದುಕರ ಸರದಿ ಬಂತು, ಅವರು ಯಂತ್ರದ ಕೆಳಗೆ ಹೋಗಿ ಮಲಗಿದರು. ಹೊರಗೆ ಬಂದು, ನಿಮ್ಮ ಅತ್ತಿಗೆ ಹೇಗಿದ್ದಾರೆ, ಅವರಿಲ್ಲದೆ ಈ ಕುರ್ಚಿಯಲ್ಲಿ ಕೂರೋಕೆ ಬೇಜಾರು ಅಂತ ವಿಚಾರಿಸಿದರು. ಕೇಬಲ್ ಅವರ ಮುಖ ನೋಡಲಾರದೆ ಏನೋ ನೆಪ ಹೇಳಿ ಕಾಲಿಗೆ ಬುದ್ಧಿ ಹೇಳಿದ.

ಅತ್ತಿಗೆ ಮನೆಯಲ್ಲಿದ್ದರು. ಮೊದಲ ವಾರ ಗಂಟಲ ಉರಿ ಇಳಿದು, ನೀರು ಸಲೀಸಾಗಿ ಇಳಿಯಿತು ಅಂತ ಖುಷಿಪಟ್ಟರು. ಅಣ್ಣನೂ ಖುಷಿಪಟ್ಟ. ಉರಿ ಇಳಿದದ್ದು ಚಿಕಿತ್ಸೆ ನಿಂತದ್ದಕ್ಕೆ ಅಂತ ಗೊತ್ತಿದ್ದ ಕೇಬಲ್ ಮಾತ್ರ ತಪ್ಪಿಹೋದ ದಿನಗಳನ್ನು ಎಣಿಸುತ್ತಿದ್ದ. ಎರಡನೆಯ ವಾರ ಕುತ್ತಿಗೆಯ ಎಡಗಡೆ, ಮೊದಲು ಏನೂ ಇಲ್ಲದ ಜಾಗದಲ್ಲಿ, ಸಣ್ಣದೊಂದು ಗಂಟು ಕೈಗೆ ಸಿಕ್ಕಿತು. ಮೂರನೆಯ ವಾರ ಅದು ಕಣ್ಣಿಗೂ ಕಾಣಿಸಿತು. ಕೇಬಲ್ ಮತ್ತೆ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ನಿಂತ, ಒಳಗೆ ಹೋಗುವ ಧೈರ್ಯವಾಗದೆ ತಿರುಗಿ ಬಂದ.

ಬೆಂಕಿ ಬಿದ್ದ ಮೂವತ್ತನೆಯ ದಿನ ಅವರ ಸರದಿ ಬಂತು. ಹೊಸ ಸ್ಕ್ಯಾನು ಮಾಡಿದರು. ಚಿತ್ರ ಪರದೆಗೆ ಬಂದಾಗ ಮೇಷ್ಟ್ರು ಬಹಳ ಹೊತ್ತು ನೋಡಿದರು, ಪೆನ್ಸಿಲು ಕೆಳಗಿಟ್ಟರು. ನಕ್ಷೆ ಬರೆಯುವ ಕೆಲಸವೇ ಬೀಳಲಿಲ್ಲ. ಎರಡೂ ಕಡೆ ಗಂಟುಗಳಿದ್ದವು, ಶ್ವಾಸಕೋಶದಲ್ಲಿ ಮೂರು ಕಡೆ ಬಿಳಿಯ ಚುಕ್ಕೆಗಳಿದ್ದವು. ಡಾಕ್ಟರಮ್ಮ ಅಣ್ಣನನ್ನೂ ಕೇಬಲ್ಲನನ್ನೂ ಕೂರಿಸಿಕೊಂಡು, ಇನ್ನು ವಾಸಿಮಾಡುವ ಮಾತು ಬೇಡ, ನೋವಾಗದ ಹಾಗೆ ನೋಡಿಕೊಳ್ಳೋಣ, ನಾಲ್ಕು ತಿಂಗಳೋ ಐದೋ ಅಂದರು. ಅಣ್ಣ ಟೈರು ಎತ್ತಿ ಎತ್ತಿ ಗಟ್ಟಿಯಾದ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿಸಿಕೊಂಡ. ಆಮೇಲೆ, ನೋವಿನ ಮಾತ್ರೆ ಎಲ್ಲಿ ಸಿಗುತ್ತದೆ ಅಂತ ಕೇಳಿದ.

ಅವನು ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲಲು ಹೋದಾಗ ಕೇಬಲ್ ಅತ್ತಿಗೆಯನ್ನು ಮಲಗಿಸಿದ್ದ ಕೋಣೆಗೆ ಬಂದ. ಎರಡು ಮಂಚದ ಕೋಣೆ, ಇನ್ನೊಂದು ಮಂಚ ಖಾಲಿಯಿತ್ತು. ಕಿಟಕಿಯಾಚೆ ಕಟ್ಟಡದ ಗೋಡೆ ಮತ್ತು ಎ.ಸಿ. ಪೆಟ್ಟಿಗೆಗಳ ಸಾಲು. ಅತ್ತಿಗೆ ದಿಂಬಿಗೆ ಒರಗಿ ಕೂತಿದ್ದರು. ಡಾಕ್ಟರಮ್ಮ ಅವರಿಗೆ ಮೊದಲೇ ಹೇಳಿದ್ದರು. ಕೇಳಿದವರೇ ಅತ್ತಿಗೆ, ಸುತ್ತಿ ಬಳಸಿ ಹೇಳಬೇಡಿ ಅಂತ.

ಅವನು ಕುರ್ಚಿ ಎಳೆದುಕೊಂಡು ಕೂತ. ಹೇಳಬೇಕು ಅಂತ ಬಂದದ್ದಲ್ಲ, ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದವನಿಗೆ ಅವರ ಮುಖ ಕಂಡ ಕೂಡಲೇ ಬೀಗ ಕಳಚಿತು. ಎಲ್ಲವನ್ನೂ ಹೇಳಿದ. ಡಿಸ್ಕು, ಟಿಕ್ಕು, ಬೊಂಬೆರಾಯ, ಐದು ತಾಲೀಮು, ಸೂಪರಿಂಟೆಂಡೆಂಟರು ಮಡಚಿಕೊಟ್ಟ ಹಾಳೆ. ಮುದುಕರ ಹೆಸರಿನ ಮೇಲೆ ಬೆರಳಿಟ್ಟದ್ದನ್ನೂ ಬಿಡಲಿಲ್ಲ. ಅತ್ತಿಗೆ ನಡುವೆ ಮಾತಾಡಲಿಲ್ಲ. ಚಿಕ್ಕಂದಿನಲ್ಲಿ ಅವನು ಮಾಡಿದ ತಪ್ಪನ್ನು ಒಪ್ಪಿಸುವಾಗಲೂ ಹೀಗೇ ಕೇಳುತ್ತಿದ್ದರು, ಮುಗಿಯುವವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮುಗಿದ ಮೇಲೆ ಹರಿದ ದನಿಯಲ್ಲಿ ಕೇಳಿದರು.

"ಒಂದು ಟಿಕ್ಕಾ?"

"ಹೂಂ ಅತ್ತಿಗೆ."

"ಎಷ್ಟು ಹೊತ್ತಿನ ಕೆಲಸ?"

"ಒಂದು ನಿಮಿಷಾನೂ ಇಲ್ಲ. ಭಾನುವಾರ ಹಾಕೋಣ ಅಂತಿದ್ದೆ."

"ಯಾವ ಭಾನುವಾರ?"

ಅವನು ಯೋಚಿಸಿದ. ಈ ಮೂವತ್ತು ದಿನದಲ್ಲಿ ಎಷ್ಟೋ ಸಲ ಯೋಚಿಸಿದ್ದ. ಆ ಭಾನುವಾರ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ, ಏನು ತಿಂದ, ಯಾರ ಜೊತೆ ಮಾತಾಡಿದ, ಒಂದೂ ನೆನಪಿಗೆ ಬರುತ್ತಿರಲಿಲ್ಲ. ಹೇಳಿಕೊಳ್ಳುವಂಥದ್ದೇನೂ ನಡೆಯದ, ಸುಮ್ಮನೆ ಬಂದು ಹೋದ ಒಂದು ಭಾನುವಾರ.

"ಗೊತ್ತಿಲ್ಲ" ಅಂದ.

ಹೊರಗೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದರು. ಅವನು ಕಾಯುತ್ತಿದ್ದ. ಏನಕ್ಕೆ ಕಾಯುತ್ತಿದ್ದೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಅದಕ್ಕಾಗಿ ಅವನಿಗೆ ನಾಚಿಕೆಯೂ ಆಗುತ್ತಿತ್ತು. ಹೋಗಲಿ ಬಿಡೋ ಅನ್ನುತ್ತಾರೆ, ತಲೆ ಸವರುತ್ತಾರೆ, ಅಂತ ಕಾಯುತ್ತಿದ್ದ. ನಲವತ್ತೊಂದು ವರ್ಷದ ಗಂಡಸು.

"ನಿಮ್ಮಣ್ಣಂಗೆ ಹೇಳ್ಬೇಡ" ಅಂದರು ಅತ್ತಿಗೆ.

ಅಷ್ಟು ಕೇಳಿದ್ದೇ ಅವನ ಕಣ್ಣು ತುಂಬಿತು. ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತುಬಿಟ್ಟ. ಇಂಥ ಹೊತ್ತಿನಲ್ಲೂ ನನ್ನನ್ನೇ ಕಾಪಾಡುತ್ತಿದ್ದಾರಲ್ಲ ಅಂತ ಅವನಿಗನಿಸಿತು. ಅವರ ಕೈ ತಲೆಯ ಮೇಲೆ ಬರುತ್ತದೆ ಅಂದುಕೊಂಡ. ಬರಲಿಲ್ಲ.

"ಅಳೋದು ನಿಲ್ಸು. ನಿನ್ ಮೇಲಿನ ಪ್ರೀತಿಗೆ ಹೇಳ್ತಿಲ್ಲ ನಾನು." ಅವರು ಉಸಿರು ತೆಗೆದುಕೊಂಡು ಉಸಿರು ತೆಗೆದುಕೊಂಡು ಹೇಳಿದರು. "ನಂಗೆ ಹೊಟ್ಟೆ ಉರೀತಿದೆ ಕಣೋ. ನಂಗೆ ಬದುಕೋ ಆಸೆ ಇತ್ತು. ಇನ್ನೂ ಐವತ್ತೆಂಟು ನಂಗೆ. ನೀನು ಸಾಕಿದ್ ಮಗ ಅಂತ ನಾನೇನೂ ಹೊಟ್ಟೆಗೆ ಹಾಕ್ಕೊಂಡಿಲ್ಲ, ಹಾಕ್ಕೊಳ್ಳೋಕೂ ಆಗಲ್ಲ. ಉಳಿದಿರೋ ದಿನದಲ್ಲಿ ಆಗುತ್ತೆ ಅಂತ ನೀನು ಕಾಯ್ಬೇಡ."

ಅವನು ತಲೆಯೆತ್ತಿದ. ಅವರ ಕಣ್ಣಲ್ಲಿ ನೀರಿರಲಿಲ್ಲ.

"ನಾನು ಹೋದ್ಮೇಲೆ ಅವ್ರಿಗೆ ಅಂತ ಇರೋದು ನೀನೊಬ್ನೇ. ನಿನ್ ಮುಖಾನೂ ನೋಡಕ್ಕಾಗಲ್ಲ ಅಂತಾದ್ರೆ ಅವ್ರು ಎಲ್ಲಿಗೆ ಹೋಗ್ಬೇಕು? ಯಾರ ಮನೇಲಿ ಕೂತು ಒಂದು ತುತ್ತು ತಿನ್ಬೇಕು? ಅದಕ್ಕೆ ಹೇಳ್ತಿರೋದು. ಅವ್ರು ಇರೋವರ್ಗೂ ಬಾಯಿ ಬಿಡ್ಬೇಡ. ನಿನ್ ಹತ್ರಾನೇ ಇಟ್ಕೋ."

ಅವನು ತಲೆಯಾಡಿಸಿದ. ಅವರಿಗೆ ಅದು ಸಾಕಾಗಲಿಲ್ಲ ಅಂತ ಕಾಣುತ್ತದೆ, ಅವನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಣ್ಣ ಬಂದ. ಕೈಯಲ್ಲಿ ಮಾತ್ರೆಗಳ ಚೀಲ, ಕಂಕುಳಲ್ಲಿ ನೀರಿನ ಬಾಟಲಿ. ಯಾವುದು ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ ಅಂತ ಅಂಗಡಿಯವನ ಹತ್ತಿರ ಎರಡೆರಡು ಸಲ ಕೇಳಿ ಚೀಲದ ಮೇಲೆ ಬರೆಸಿಕೊಂಡು ಬಂದಿದ್ದ. ತಮ್ಮನ ಕೆಂಪು ಕಣ್ಣು ನೋಡಿದ, ಅಲ್ಲೇ ನಿಂತ. ಆಮೇಲೆ ಚೀಲವನ್ನು ಮಂಚದ ಮೇಲಿಟ್ಟು ಹತ್ತಿರ ಬಂದು, ಆ ಗಟ್ಟಿ ಅಂಗೈಯನ್ನು ಅವನ ಹೆಗಲ ಮೇಲೆ ಇಟ್ಟ.

"ನೀನು ಮೈ ಪರಚ್ಕೊಂಡ್ರೆ ಏನ್ ಬಂತೋ? ನೀನಿದ್ದಿದ್ದಕ್ಕೆ ಇಷ್ಟಾದ್ರೂ ಆಯ್ತು. ಮೂವತ್ತು ದಿನ ಊಟ ನಿದ್ದೆ ಬಿಟ್ಟು ಒದ್ದಾಡಿದ್ದೀಯ, ನಂಗೊತ್ತಿಲ್ವಾ? ಬೆಂಕಿ ಕಣೋ ಅದು. ಬೆಂಕಿಗೆ ನೀನೇನ್ ಮಾಡಕ್ಕಾಗುತ್ತೆ?"

ಅತ್ತಿಗೆ ದಿಂಬಿನಿಂದ ಸ್ವಲ್ಪ ಮೇಲೆದ್ದು, ಕಣ್ಣು ಮಿಟುಕಿಸದೆ ಕೇಬಲ್ಲನನ್ನು ನೋಡುತ್ತಿದ್ದರು. ಹೆಗಲ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗಿತ್ತು.

"ಹೂಂ ಅಣ್ಣ" ಅಂದ ಅವನು. "ಬೆಂಕಿಗೆ ಏನ್ ಮಾಡಕ್ಕಾಗುತ್ತೆ."

ಅದು ಅವನ ಬಾಯಿಂದ ಬರುವವರೆಗೂ ಅತ್ತಿಗೆ ಕಾದರು. ಬಂದ ಮೇಲೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.